ಅಳತೆಯ ಬ್ಯಾಟು

ಯಾವುದೂ ಅಳತೆ ತಪ್ಪಬಾರದು ಎನ್ನುವವನಿಗೆ ಊರವರು ಒಂದಲ್ಲ ಒಂದು ಪ್ರಸಂಗ ಒದಗಿಸದೆ ಬಿಡುವುದಿಲ್ಲ. ಅರುವತ್ತರ ದಶಕದ ಆರಂಭ. ನಾನು ಸುಳ್ಯದಲ್ಲಿ ಹೈಸ್ಕೂಲು ಮಾಷ್ಟ್ರು. ಆರು ವರ್ಷದ ನನ್ನ ಮಗನ ಬಲಗಾಲಿನ ಶಕ್ತಿಯನ್ನು ಒಂದು ಜ್ವರ ಕೊಂಡೊಯ್ದಿತ್ತು. ಕಾಲೆಳೆದು ನಡೆಯುವವನನ್ನು ಹುಡುಗರು ಆಟಕ್ಕೆ ಸೇರಿಸುತ್ತಿರಲಿಲ್ಲ. ಅವರ ಬ್ಯಾಟೆಂದರೆ ತೆಂಗಿನ ಮಡಲಿನ ದಪ್ಪ ಬುಡ, ಕೊತ್ತಳಿಗೆ. ನಿಜವಾದ ಬ್ಯಾಟು ತಂದವನನ್ನು ಹೊರಗಿಡಲಾರರು ಎಂದು ಹುಡುಕಲು ಹೊರಟೆ.

ಪುತ್ತೂರಿನ ಅಂಗಡಿ

ಬ್ಯಾಟು ಸೊಂಟದ ಮಟ್ಟ ಮೀರಬಾರದು. ಇದು ನಾನು ಕಲಿತ ಇಂಗ್ಲಿಷ್ ಶಾಲೆಯ ನಿಯಮ. ಅಂಗಡಿಯಲ್ಲಿದ್ದ ಒಂದೇ ಬ್ಯಾಟು ಮಗನ ಕುತ್ತಿಗೆಗೆ ಬರುತ್ತಿತ್ತು.

"ದೊಡ್ಡದಾಯಿತು" ಎಂದೆ.

"ಬೆಳೆಯುವ ಮಕ್ಕಳು ಮಾರಾಯ್ರೆ. ಅಂಗಿ ಹೊಲಿಸುವಾಗ ದೊಡ್ಡದೇ ಹೊಲಿಸುದಲ್ವಾ?"

"ಬೆಳೆಯುವವರೆಗೆ ಎಂತ ಮಾಡುದು?"

"ನಾಯಿ ಓಡಿಸಲಿಕ್ಕೆ ಆಗ್ತದೆ."

ಡಾಕ್ಟರ ಸಲಹೆ

ಎಷ್ಟು ಭಾರದ ಬ್ಯಾಟು ಕೊಡಬಹುದೆಂದು ಡಾಕ್ಟರನ್ನು ಕೇಳಿದೆ.

"ಊರುಗೋಲಿನ ಅಳತೆಗೇ ಮಾಡಿಸಿ ಮಾಷ್ಟ್ರೆ. ಆಟಕ್ಕೆ ಹೋಗುವಾಗ ಊರುಗೋಲು, ಗದ್ದೆ ಮುಟ್ಟಿದ ಮೇಲೆ ಬ್ಯಾಟು."

ಪಕ್ಕದಲ್ಲಿದ್ದ ಹೆಂಡತಿ ನಕ್ಕುಬಿಟ್ಟಳು. ಮಗ ಜ್ವರದಲ್ಲಿ ಮಲಗಿದಂದಿನಿಂದ ಅವಳು ನಕ್ಕದ್ದು ಅದೇ ಮೊದಲು. ಹಾಗಾಗಿ ಡಾಕ್ಟರಿಗೆ ಹೇಳಬೇಕೆಂದಿದ್ದ ನಾಲ್ಕು ಮಾತನ್ನು ನುಂಗಿಕೊಂಡೆ.

ಅಮ್ಮನ ಮರ

ಕೊನೆಗೆ ಮರಗೆಲಸದ ಆಚಾರಿಯನ್ನು ಕರೆಸಿದೆ. ಹಗುರದ, ಒಣಗಿದ ಮರ ಬೇಕೆಂದ. ಕೊಟ್ಟಿಗೆಯ ಬದಿಯಲ್ಲಿ ಮಾವಿನ ಮರ ಸೀಳಿ ಅಟ್ಟಿ ಇಟ್ಟದ್ದಿತ್ತು.

ಅದಕ್ಕೊಂದು ಹಿನ್ನೆಲೆ ಉಂಟು. ನಮ್ಮಲ್ಲಿ ಹಿರಿಯರು ತೀರಿದರೆ ಚಿತೆಗೆ ಮನೆಯ ಮಾವಿನ ಮರ ಕಡಿಯುವುದು ಪದ್ಧತಿ. ಹಿಂದಿನ ವರ್ಷ ಅಮ್ಮ ಹಾಸಿಗೆ ಹಿಡಿದು, ಡಾಕ್ಟರು ಕೈಚೆಲ್ಲಿದಾಗ, ಮಳೆ ಹಿಡಿದರೆ ಕಷ್ಟ ಎಂದು ನನ್ನ ಅಣ್ಣ ಮೊದಲೇ ಮರ ಕಡಿಸಿಬಿಟ್ಟ. ಮರ ಬಿದ್ದ ಸದ್ದಿಗೆ ಅಮ್ಮ ಎದ್ದು ಕೂತು ಗಂಜಿ ಕೇಳಿದರು.

ಆಚಾರಿ ಒಂದು ತುಂಡು ಎತ್ತಿದ್ದೇ ಅಣ್ಣ ತಡೆದ. "ಮುಟ್ಟಬೇಡ. ಅದು ಅಮ್ಮನದ್ದು."

ಒಳಗಿನಿಂದ ಅಮ್ಮ ಹೇಳಿದರು: "ನನ್ನದಾದರೆ ನಾನೇ ಕೊಡ್ತೇನೆ. ಮಗುವಿಗೆ ಬ್ಯಾಟು ಮಾಡಿ. ನನಗೆ ಕಮ್ಮಿ ಬಿದ್ದರೆ ಇವ ಇನ್ನೊಂದು ಮರ ಕಡಿಸಲಿ. ಅಭ್ಯಾಸ ಉಂಟಲ್ಲ."

ಗದ್ದೆಯ ಆಟ

ಬ್ಯಾಟು ಸರಿಯಾಗಿ ಸೊಂಟದ ಮಟ್ಟಕ್ಕೆ ಬಂತು. ಒಂದು ಸಂಜೆ ಶಾಲೆ ಬಿಟ್ಟು ಬರುವಾಗ ಕೊಯ್ಲಾದ ಗದ್ದೆಯಲ್ಲಿ ಮಗ ಆಡುತ್ತಿದ್ದ. ಬದುವಿನ ಮೇಲೆ ಅಮ್ಮ ಕೂತು ನೋಡುತ್ತಿದ್ದರು. ಚೆಂಡು ವಿಕೆಟ್ಟೆಂದು ನೆಟ್ಟ ಕೋಲಿಗೆ ಬಡಿದು ಕೋಲೇ ಬಿತ್ತು. ಮಗ ಕದಲಲಿಲ್ಲ, ಹುಡುಗರು ಕೋಲು ನೆಟ್ಟು ಮತ್ತೆ ಚೆಂಡು ಹಾಕಿದರು.

ದೊಡ್ಡ ಹುಡುಗನನ್ನು ಕರೆದೆ. "ಎಂತದು ಮಾರಾಯ, ಅವ ಔಟಲ್ವಾ? ನಿಯಮ ಎಂದರೆ ಎಲ್ಲರಿಗೂ ಒಂದೇ."

"ಅದನ್ನು ನೀವೇ ಅಜ್ಜಿ ಹತ್ರ ಹೇಳಿ ಮಾಷ್ಟ್ರೆ."

"ಯಾಕೆ, ಹೊಡೀತಾರಾ?"

"ಹೊಡೆದಿದ್ದರೆ ಅಡ್ಡಿ ಇರಲಿಲ್ಲ. ಇವನನ್ನು ಆಟದಿಂದ ಹೊರಗೆ ಹಾಕಿದವನಿಗೆ ಬ್ಯಾಟು ಮಾಡಿ ಉಳಿದ ಮಾವಿನ ಸೌದೆ ಕೊಡ್ತಾರಂತೆ."