ನಾಲ್ಕು ಬೆರಳಿನ ಕಾರಿಗೊಂದು ಟ್ರೈಲರ್

ಕೀರ್ತಿಕುಮಾರ್ ಹೇಳಲು ಹೊರಟ ಮಾತನ್ನು ಸಿದ್ದಣ್ಣ ಪೂರ್ತಿ ಕೇಳಿಸಿಕೊಂಡಿದ್ದರೆ ಈ ಫಜೀತಿಯೇ ಇರುತ್ತಿರಲಿಲ್ಲ. ಆದರೆ ಯಾರ ಮಾತನ್ನೂ ಕೊನೆಯವರೆಗೆ ಕೇಳುವ ಅಭ್ಯಾಸ ಆ ಮನುಷ್ಯನಿಗೆ ಹುಟ್ಟಿದಾಗಿನಿಂದ ಇಲ್ಲ. ಅವನ ಹೆಂಡತಿ ಕಾಳಮ್ಮ ಹೇಳಬೇಕಾದ್ದನ್ನೆಲ್ಲ ಮೊದಲ ಎರಡು ಪದದಲ್ಲೇ ಹೇಳಿ ಮುಗಿಸುವುದನ್ನು ಕಲಿತುಕೊಂಡಿದ್ದಾಳೆ. ಪಾಪ, ಕೀರ್ತಿಕುಮಾರ್‌ಗೆ ಅದು ಗೊತ್ತಿರಲಿಲ್ಲ.

ಕೀರ್ತಿಕುಮಾರ್ ಪಾಲಿಬೆಟ್ಟದ ಎಸ್ಟೇಟಿನವರು. ಒಂದು ಹಳೇ ಪುಟ್ಟ ಕಾರನ್ನು ಬಿಚ್ಚಿ, ಕೊಯ್ದು, ತಗ್ಗಿಸಿ, ನೆಲಕ್ಕೆ ಅಂಟಿಕೊಂಡಂತೆ ಮಾಡಿಸಿದ್ದರು. ಮೈಸೂರಿನಲ್ಲಿ ಇಂಥ ಕಾರುಗಳದ್ದೊಂದು ಪ್ರದರ್ಶನವಂತೆ. ಅಷ್ಟು ದೂರ ಓಡಿಸಿಕೊಂಡು ಹೋದರೆ ಹೊಸ ಬಣ್ಣಕ್ಕೆ ಕಲ್ಲು ಸಿಡಿಯುತ್ತದೆ, ಒಂದು ಟ್ರೈಲರ್ ಮಾಡಿಕೊಡಬೇಕು ಎಂದು ಶಿರಂಗಾಲದ ಸಿದ್ದಣ್ಣನ ವೆಲ್ಡಿಂಗ್ ಶಾಪಿಗೆ ಫೋನ್ ಮಾಡಿದರು. ಹಿಂದೆ ಅವರ ಎಸ್ಟೇಟಿಗೆ ಗೇಟು ಮಾಡಿಕೊಟ್ಟಿದ್ದ ಪರಿಚಯ.

“ನಿಂತಾಗ ಕಾರಿಗೂ ನೆಲಕ್ಕೂ ನಾಲ್ಕೇ ಬೆರಳು ಗ್ಯಾಪ್ ಸಿದ್ದಣ್ಣ. ಆದ್ರೆ...”

“ಆದ್ರೆಗೀದ್ರೆ ಎಲ್ಲ ನಂಗ್ ಬಿಡಿ ಸಾರ್,” ಎಂದು ಸಿದ್ದಣ್ಣ ಫೋನಿಟ್ಟ.

ಅವನ ಅವಸರಕ್ಕೂ ಕಾರಣವಿತ್ತು. ಹೋದ ವರ್ಷ ಎದುರುಮನೆ ಜವರನ ಟ್ರೈಲರನ್ನು ಮಾಡಿಕೊಟ್ಟವನು ಸಿದ್ದಣ್ಣನೇ. ಅದರ ಕೊಕ್ಕೆ ಮಾರ್ಕೆಟ್ಟಿನ ದಾರಿಯಲ್ಲಿ ಕಿತ್ತು ಬಂದು, ಟ್ರೈಲರ್ ಶುಂಠಿ ಮೂಟೆಗಳ ಸಮೇತ ಹಿಂದಹಿಂದಕ್ಕೆ ಉರುಳಿ ನಾಲೆಗಿಳಿದಿತ್ತು. ನಾಲೆಯ ನೀರು ಮೂರು ದಿನ ಕಷಾಯದ ವಾಸನೆ ಹೊಡೆಯಿತೆಂದು ಊರವರು ಹೇಳುತ್ತಾರೆ. ಅಂದಿನಿಂದ ಅವನು ಶುಂಠಿ ಸಿದ್ದಣ್ಣ. ಜವರ ಕೊಕ್ಕೆಯನ್ನು ಬೇರೆ ಕಡೆ ಹಾಕಿಸಿಕೊಂಡಿದ್ದಲ್ಲದೆ ಟ್ರೈಲರಿನ ಹಿಂದೆ ದಪ್ಪ ಅಕ್ಷರದಲ್ಲಿ ಬರೆಸಿಬಿಟ್ಟ: “ಇದು ಶುಂಠಿ ಸಿದ್ದಣ್ಣ ಮಾಡಿದ ಟ್ರೈಲರ್. ಹತ್ತಿರ ಬರಬೇಡಿ.” ಆಮೇಲೆ ಒಬ್ಬನೇ ಒಬ್ಬ ರೈತ ಟ್ರೈಲರ್ ಮಾಡಿಸಲು ಸಿದ್ದಣ್ಣನ ಶಾಪಿನ ಹೊಸ್ತಿಲು ತುಳಿದಿದ್ದರೆ ಕೇಳಿ. ಕಿಟಕಿ, ಗ್ರಿಲ್ಲು, ದನದ ಕೊಟ್ಟಿಗೆಯ ಬಾಗಿಲು, ಇಷ್ಟೇ ಅವನ ಪಾಲಿಗೆ ಉಳಿದದ್ದು. ಈ ಕಾರಿನ ಟ್ರೈಲರ್ ಒಂದು ಮೈಸೂರು ಕಂಡರೆ ಆ ಹೆಸರು ತೊಲಗೀತೆಂದು ಅವನು ಹಗಲಿಡೀ ಕನಸು ಕಂಡ.

ಇಪ್ಪತ್ತೆರಡು ದಿನ ಅವನು ಬೇರೆ ಕೆಲಸ ಮುಟ್ಟಲಿಲ್ಲ. ಅಷ್ಟು ತಗ್ಗಿನ ಕಾರು ಹತ್ತಬೇಕಾದರೆ ಟ್ರೈಲರೂ ಅಷ್ಟೇ ತಗ್ಗಿರಬೇಕೆಂದು ಲೆಕ್ಕ ಹಾಕಿ, ಅದರ ತಳವನ್ನು ಚಕ್ರಗಳ ನಡುವೆ ಇಳಿಬಿಟ್ಟು ನೆಲಕ್ಕೆ ನಾಲ್ಕು ಬೆರಳಿಗೆ ತಂದ. ಪರೀಕ್ಷೆ ಮಾಡಲು ಕಾರಿಲ್ಲ. ಕಾಳಮ್ಮ ಕೂತು ಊಟ ಮಾಡುವ ಮಣೆ ಸರಿಯಾಗಿ ನಾಲ್ಕು ಬೆರಳು ಎತ್ತರ. ಅದನ್ನೇ ಎತ್ತಿಕೊಂಡು ಹೋಗಿ ದಿನಕ್ಕೆ ಹತ್ತು ಸಲ ಟ್ರೈಲರ್ ಹತ್ತಿಸಿ ಇಳಿಸಿದ. ಅಷ್ಟೂ ದಿನ ಆಕೆ ಬರೀ ನೆಲದ ಮೇಲೆ ಕೂತು ಉಂಡಳು. ಈ ಸಲ ಏನೂ ಕಿತ್ತು ಬರಬಾರದೆಂದು ಬೇಕಾದ್ದಕ್ಕಿಂತ ಎರಡರಷ್ಟು ಕಬ್ಬಿಣ ಹಾಕಿದ. ಕೊನೆಗೆ ಹಿಂಬದಿಯಲ್ಲಿ ಹಳದಿ ಬಣ್ಣದಲ್ಲಿ ಬರೆದ: “ವಿನ್ಯಾಸ: ಸಿದ್ದಣ್ಣ, ಶಿರಂಗಾಲ.”

ಕೀರ್ತಿಕುಮಾರ್ ತಾವೇ ಹನ್ನೊಂದು ಗಂಟೆಗೆ ಬರುವುದಾಗಿಯೂ, ಟ್ರೈಲರ್ ಎಳೆಯಲು ಊರಿನದೇ ಒಂದು ಟ್ರ್ಯಾಕ್ಟರ್ ಗೊತ್ತುಮಾಡಬೇಕೆಂದೂ ಹೇಳಿದ್ದರು. ಅವರು ಬರುವಷ್ಟರಲ್ಲಿ ಅದನ್ನು ರಸ್ತೆಗೆ ತಂದು, ಡೇರಿಯ ಮುಂದೆ ನಾಲ್ಕು ಜನ ನೋಡುವಂತೆ ನಿಲ್ಲಿಸಬೇಕೆಂಬುದು ಸಿದ್ದಣ್ಣನ ಆಸೆ. ಅದಕ್ಕೆ ಟ್ರ್ಯಾಕ್ಟರ್ ಬೇಕು. ಟ್ರ್ಯಾಕ್ಟರ್ ಇದ್ದದ್ದು ಜವರನ ಹತ್ತಿರ. ಹಲ್ಲು ಕಚ್ಚಿಕೊಂಡು ಹೋಗಿ ಕೇಳಿದ.

ಜವರ ಬಂದು ಟ್ರೈಲರಿಗೆ ಒಂದು ಸುತ್ತು ಹಾಕಿದ. ಬಗ್ಗಿ ನೋಡಿದ. “ಇದುನ್ನ ಡೇರಿ ಮುಟ್ಸು ಸಿದ್ದಣ್ಣ,” ಎಂದ, “ನನ್ ಟ್ರೈಲರ್ ಮ್ಯಾಲಿನ ಬರಹ ಇವತ್ತೇ ಅಳಿಸ್ತೀನಿ. ನನ್ ಕೈಯಾರೆ.”

ಡೇರಿ ಇರುವುದು ಶಾಪಿನಿಂದ ನೂರು ಹೆಜ್ಜೆಗೆ. ಸಿದ್ದಣ್ಣ ಓಡಿಹೋಗಿ ಕೊಕ್ಕೆಯನ್ನು ತಾನೇ ಸಿಕ್ಕಿಸಿದ.

ಆದರೆ ಶಾಪಿಗೂ ಡೇರಿಗೂ ನಡುವೆ ಒಂದು ಹಂಪ್ ಇತ್ತು. ಅದನ್ನು ಹಾಕಿಸಿದವನು ಬೇರೆ ಯಾರೂ ಅಲ್ಲ, ಇದೇ ಸಿದ್ದಣ್ಣ. ವಾಹನಗಳು ನಿಧಾನವಾದರೆ ಜನ ತನ್ನ ಶಾಪಿನ ಬೋರ್ಡು ಓದುತ್ತಾರೆಂಬುದು ಒಳಗಿನ ಮಾತು. ಶಾಲೆಯ ಮಕ್ಕಳ ಪ್ರಾಣ ಎಂಬುದು ಅರ್ಜಿಯಲ್ಲಿ ಬರೆದ ಮಾತು. ಪಂಚಾಯ್ತಿಯವರು ಹಾಕಿದ್ದು ಅವನ ಕಣ್ಣಿಗೆ ತೀರಾ ತೆಳ್ಳಗೆ ಕಂಡಿತ್ತು. ಮೇಲೆ ತಾನೇ ಕಾಂಕ್ರೀಟ್ ಕಲಸಿ ಸುರಿದು ಅದನ್ನು ಒಂದು ಗೇಣು ಎತ್ತರ ಮಾಡಿದ್ದ.

ಟ್ರ್ಯಾಕ್ಟರ್ ಹಂಪ್ ದಾಟಿತು. ಟ್ರೈಲರಿನ ಮೂತಿಯೂ ದಾಟಿತು. ಆಮೇಲೆ ಕರ್ ಎಂದು ಊರೇ ಕಿವಿ ಮುಚ್ಚಿಕೊಳ್ಳುವಂಥ ಸದ್ದಾಗಿ, ಟ್ರೈಲರ್ ಹೊಟ್ಟೆ ಊರಿ ಹಂಪಿನ ಮೇಲೆ ಕೂತುಬಿಟ್ಟಿತು. ಅದರ ಚಕ್ರಗಳು ನೆಲ ಬಿಟ್ಟು ಗಾಳಿಯಲ್ಲಿ ಸುಮ್ಮನೆ ತಿರುಗುತ್ತಿದ್ದವು. ಜವರ ಇನ್ನೂ ಜೋರಾಗಿ ಎಳೆದ. ಟ್ರ್ಯಾಕ್ಟರಿನ ಮುಂದಿನ ಚಕ್ರ ಮೇಲೆದ್ದಿತೇ ಹೊರತು ಟ್ರೈಲರ್ ಅಲುಗಲಿಲ್ಲ. ಹಿಂದಕ್ಕೆ ನೂಕಿದರೆ ತಳದ ಪಟ್ಟಿ ಸಿಕ್ಕಿಕೊಂಡು ಅದೂ ಆಗಲಿಲ್ಲ.

ಅಷ್ಟು ಹೊತ್ತಿಗೆ ಅರ್ಧ ಊರು ಸೇರಿತ್ತು, ಒಬ್ಬೊಬ್ಬರದೂ ಒಂದೊಂದು ಸಲಹೆ. ಒಬ್ಬ ಸೋಪಿನ ನೀರು ಸುರಿಯಲು ಹೇಳಿದ, ಸುರಿದರು. ಎತ್ತಲು ಬಂದವರು ಜಾರಿ ಬಿದ್ದರು. ಇನ್ನೊಬ್ಬ ಚಕ್ರಕ್ಕೆ ಹಲಗೆ ಒತ್ತುಕೊಡಲು ಹೇಳಿದ. ಹಲಗೆ ಸಾಲದೆ ಕಾಳಮ್ಮನ ಮಣೆಯನ್ನೂ ತಂದು ಚಕ್ರದ ಕೆಳಗಿಟ್ಟರು. ಅದು ಲಟಕ್ಕನೆ ಎರಡು ಹೋಳಾಯಿತು. ಹನ್ನೆರಡು ಜನ ಕೈ ಹಾಕಿ ಎತ್ತಲು ನೋಡಿದರು. ಎರಡರಷ್ಟು ಕಬ್ಬಿಣ, ಎದ್ದೀತು ಎಲ್ಲಿಂದ? ಹೊಸ ಗಾಡಿಗೆ ಪೂಜೆ ಮಾಡದೆ ಎಳೆದದ್ದೇ ತಪ್ಪೆಂದು ಕಾಳಮ್ಮ ನಿಂಬೆಹಣ್ಣು ತಂದಳು. ಚಕ್ರದ ಕೆಳಗಿಡೋಣವೆಂದರೆ ಚಕ್ರ ನೆಲದಲ್ಲೇ ಇಲ್ಲ. ಹಣ್ಣನ್ನು ಕೈಯಲ್ಲೇ ಹಿಡಿದುಕೊಂಡು ನಿಂತಳು.

ಸಿದ್ದಣ್ಣನಿಗೆ ತಲೆ ಕೆಟ್ಟುಹೋಯಿತು. ಒಳಗೆ ಹೋಗಿ ದೊಡ್ಡ ಸುತ್ತಿಗೆ ತಂದು ಹಂಪನ್ನೇ ಒಡೆಯಲು ಶುರುಮಾಡಿದ. ಹತ್ತು ಏಟು ಕೊಟ್ಟರೂ ಒಂದು ಚೂರು ಎದ್ದು ಬರಲಿಲ್ಲ. ಅವನು ಕಟ್ಟಿದ್ದರಲ್ಲಿ ಮುರಿಯದೆ ನಿಂತ ವಸ್ತು ಅದೊಂದೇ. ಹನ್ನೊಂದನೆಯ ಏಟಿಗೆ ಡೇರಿಯ ಕಾರ್ಯದರ್ಶಿ ಬೆಳ್ಳಮ್ಮ ಅಡ್ಡ ಬಂದು ನಿಂತಳು. ಅತ್ತ ಹಾಲಿನ ವ್ಯಾನು, ಇತ್ತ ಬಸ್ಸು ನಿಂತು ಹಾರ್ನ್ ಹೊಡೆಯುತ್ತಿದ್ದವು. ಆದರೂ ಬೆಳ್ಳಮ್ಮ ಜಗ್ಗಲಿಲ್ಲ.

“ಪಂಚಾಯ್ತಿ ಆಸ್ತಿ ಒಡಿಯಂಗಿಲ್ಲ ಸಿದ್ದಣ್ಣ. ಮಕ್ಕಳ ಪ್ರಾಣದ ವಿಷ್ಯ ಅಂತ ನನ್ ಕೈಲಿ ಸೈನ್ ಹಾಕ್ಸಿದ್ದು ನೀನೇ ಅಲ್ವಾ?”

“ಅಕ್ಕ, ಅದು ಆವಾಗ...”

“ಮಕ್ಳು ಈಗ್ಲೂ ಅವೇ,” ಎಂದಳು ಬೆಳ್ಳಮ್ಮ. ಸಿದ್ದಣ್ಣ ಸುತ್ತಿಗೆ ಕೆಳಗಿಟ್ಟ.

ಹನ್ನೊಂದಕ್ಕೆ ಸರಿಯಾಗಿ ಕುಶಾಲನಗರದ ಕಡೆಯಿಂದ ಕೆಂಪಗೆ ಏನೋ ಬಂತು. ಜನ ಅತ್ತ ಕತ್ತು ಹೊರಳಿಸಿದರು. ಸೊಂಟದೆತ್ತರವೂ ಇಲ್ಲದ ಕಾರು ಡೇರಿಯ ಮುಂದೆ ಬಂದು ನಿಂತು, ಪುಸ್ ಎಂದು ಉಸಿರು ಬಿಟ್ಟು, ನೆಲಕ್ಕೆ ಕೂತಿತು. ಬಾಗಿಲು ತೆಗೆದು ಕೀರ್ತಿಕುಮಾರ್ ಇಳಿದರು.

ಸಿದ್ದಣ್ಣ ಬಾಯಿ ಬಿಟ್ಟುಕೊಂಡು ನೋಡಿದ. ಪಾಲಿಬೆಟ್ಟದಿಂದ ಇಲ್ಲಿಗೆ ಬರಬೇಕಾದರೆ ದಾರಿಯಲ್ಲಿ ಎಷ್ಟು ಹಂಪ್, ಎಷ್ಟು ಗುಂಡಿ! ಅವನ್ನೆಲ್ಲ ಈ ಕಾರು ಹೇಗೆ ದಾಟಿತೆಂದು ತೊದಲಿದ.

“ಅದನ್ನೇ ಅವತ್ತು ಹೇಳೋಕೆ ಹೋಗಿದ್ದು,” ಎಂದರು ಕೀರ್ತಿಕುಮಾರ್. “ನಿಂತಾಗ ನಾಲ್ಕು ಬೆರಳು. ಆದ್ರೆ ಒಂದು ಬಟನ್ ಒತ್ತಿದ್ರೆ ಗಾಳಿ ತುಂಬ್ಕೊಂಡು ಮಾಮೂಲಿ ಕಾರಿನಷ್ಟೇ ಮೇಲೇಳುತ್ತೆ. ಎಂಥ ಟ್ರೈಲರಾದ್ರೂ ನಡೀತಿತ್ತು ಸಿದ್ದಣ್ಣ.”

ಬಟನ್ ಒತ್ತಿಯೂ ತೋರಿಸಿದರು. ಕಾರು ಮುದುಕ ಮಂಡಿ ಹಿಡಿದು ಏಳುವ ಹಾಗೆ ನಿಧಾನಕ್ಕೆ ಎದ್ದು ನಿಂತಿತು. ಜನ ಚಪ್ಪಾಳೆ ತಟ್ಟಿದರು. ಸಿದ್ದಣ್ಣ ತನ್ನ ಇಪ್ಪತ್ತೆರಡು ದಿನವನ್ನು ನೆನೆದು ಹಂಪಿನ ಮೇಲೆಯೇ ಕುಸಿದು ಕೂತ.

ಕೀರ್ತಿಕುಮಾರ್ ಹಂಪಿನ ಮೇಲೆ ಕೂತ ಟ್ರೈಲರನ್ನು ನೋಡಿದರು, ಗಡಿಯಾರ ನೋಡಿದರು. ಸಂಜೆಯೊಳಗೆ ಕಾರು ಮೈಸೂರಿನಲ್ಲಿರಬೇಕು. ಆಮೇಲೆ ಅವರ ಕಣ್ಣು ಜವರನ ಅಂಗಳದಲ್ಲಿ ನಿಂತಿದ್ದ ಟ್ರೈಲರಿನತ್ತ ಹೋಯಿತು.

ಮುಂದಿನದೆಲ್ಲ ಹತ್ತೇ ನಿಮಿಷದಲ್ಲಿ ನಡೆದುಹೋಯಿತು. ಜವರ ಟ್ರ್ಯಾಕ್ಟರನ್ನು ಬಿಡಿಸಿಕೊಂಡು ತನ್ನ ಶುಂಠಿ ಟ್ರೈಲರಿಗೆ ಕಟ್ಟಿ, ಹಿಂದಿನ ಬಾಗಿಲು ಇಳಿಸಿ, ಡೇರಿ ಪಕ್ಕದ ದಿಬ್ಬಕ್ಕೆ ಒತ್ತಿ ನಿಲ್ಲಿಸಿದ. ದನ ಹತ್ತಿಸುವುದು ಅವನು ಅಲ್ಲಿಂದಲೇ. ಕಾರು ಮೈ ಎತ್ತಿಕೊಂಡು ದಿಬ್ಬ ಹತ್ತಿ, ಟ್ರೈಲರಿಗೆ ಇಳಿದು, ಒಳಗೆ ಪುಸ್ ಎಂದು ಕೂತಿತು. ಅಳತೆ ಮಾಡಿ ಮಾಡಿಸಿದಂತಿತ್ತು. ಕಾಳಮ್ಮ ಕೈಯಲ್ಲಿದ್ದ ನಿಂಬೆಹಣ್ಣನ್ನು ಆ ಟ್ರೈಲರಿನ ಚಕ್ರಕ್ಕೇ ಇಟ್ಟಳು. ಗಂಡನ ಮುಖ ನೋಡಲಿಲ್ಲ.

ಹಿಂಬಾಗಿಲು ಮುಚ್ಚಿದಾಗ “ಹತ್ತಿರ ಬರಬೇಡಿ” ಎಂಬ ಬರಹ ಕಂಡಿತು. ಸಿದ್ದಣ್ಣನ ಮುಖ ನೋಡಿ ಜವರನಿಗೇ ಪಾಪ ಅನ್ನಿಸಿತೇನೋ. ಒದ್ದೆ ಬಟ್ಟೆ, ಸೀಮೆಎಣ್ಣೆ ತಂದು ಉಜ್ಜಲು ಕೈ ಎತ್ತಿದ. ಸಿದ್ದಣ್ಣ ಎದ್ದು ನಿಂತ.

“ಜವರಣ್ಣ, ಅದನ್ನ...” ಎಂದರು ಕೀರ್ತಿಕುಮಾರ್.

ಜೀವಮಾನದಲ್ಲಿ ಮೊದಲ ಬಾರಿಗೆ ಸಿದ್ದಣ್ಣ ಬೇರೆಯವರ ಮಾತಿಗೆ ಅಡ್ಡ ಬಾಯಿ ಹಾಕದೆ, ಉಸಿರು ಹಿಡಿದು, ಕೊನೆಯವರೆಗೆ ಕೇಳಿದ.

“...ಅಳಿಸ್ಬೇಡಿ. ಮೈಸೂರಲ್ಲಿ ಎಲ್ರೂ ಇದನ್ನೇ ಫೋಟೋ ಹಿಡೀತಾರೆ.”

ಟ್ರ್ಯಾಕ್ಟರ್ ಹೊರಟಿತು. ಹಿಂಬದಿಯ ದಪ್ಪ ಅಕ್ಷರಗಳು ತಿರುವಿನಲ್ಲಿ ಮರೆಯಾಗುವವರೆಗೂ ಸ್ಪಷ್ಟವಾಗಿ ಕಾಣುತ್ತಿದ್ದವು. ಇತ್ತ ಬಸ್ಸು ರಸ್ತೆ ಬಿಟ್ಟು ಮಣ್ಣಿಗಿಳಿದು, ಹಂಪಿನ ಮೇಲಿನ ಟ್ರೈಲರನ್ನು ಬಳಸಿಕೊಂಡು, ಆಮೆಯ ವೇಗದಲ್ಲಿ ದಾಟತೊಡಗಿತು. ಕಿಟಕಿಗಳಿಂದ ತಲೆಗಳು ಒಂದೊಂದಾಗಿ ಹೊರಬಂದು ಹಳದಿ ಅಕ್ಷರಗಳನ್ನು ಪುರುಸೊತ್ತಾಗಿ ಓದಿದವು: ವಿನ್ಯಾಸ, ಸಿದ್ದಣ್ಣ, ಶಿರಂಗಾಲ. ವಾಹನಗಳು ಇಲ್ಲಿ ನಿಧಾನವಾಗಬೇಕು, ಜನ ತನ್ನ ಹೆಸರು ಓದಬೇಕು ಎಂದು ತಾನೇ ಅವನು ಹಂಪ್ ಹಾಕಿಸಿದ್ದು?