ನನ್ನ ಪಾಳೇಗಾರನ ಪಾರ್ಟು

1943ರಲ್ಲಿ ಮುಳಬಾಗಿಲಿನ ನಮ್ಮ ಗುಮಾಸ್ತರ ಕೂಟ ಹಳೆಯ ಕಾಲದ ದೊರೆಗಳನ್ನು ಗೇಲಿ ಮಾಡುವ ಹಾಸ್ಯ ನಾಟಕವೊಂದನ್ನು ಆಡಲು ಹೊರಟಿತು. ಪಾಳೇಗಾರನ ಪಾರ್ಟು ನನಗಲ್ಲದೆ ಈ ತಾಲ್ಲೂಕಿನಲ್ಲಿ ಇನ್ಯಾರಿಗೂ ಒಪ್ಪುವುದಿಲ್ಲವೆಂದು ನಾನೇ ಘೋಷಿಸಿದೆ! ಆ ಪಾಳೇಗಾರ, ತನ್ನ ಬೆನ್ನನ್ನು ತಾನೇ ತುರಿಸಿಕೊಂಡರೆ ವಂಶದ ಮರ್ಯಾದೆ ಹೋಯಿತೆಂದು ನಂಬಿದವನು. ಆಕಳಿಸಿದಾಗ ಚಿಟಿಕೆ ಹೊಡೆಯುವುದಕ್ಕೂ ಅವನಿಗೊಬ್ಬ ಆಳು ಬೇಕು.

ಒಂದು ತಿಂಗಳು ನಡುಮನೆಯಲ್ಲಿ ಘರ್ಜಿಸಿದೆ. ಆಳಿನ ಮಾತುಗಳನ್ನೂ ನಾನೇ ಹೇಳಿಕೊಂಡೆ. ಹನ್ನೆರಡು ವರ್ಷದ ಹಿಂದೆ ಕೈಹಿಡಿದ ಹೆಂಡತಿ ವೆಂಕಟರತ್ನಮ್ಮ ಒಳಗೆ ರಾಗಿ ಬೀಸುತ್ತಲೇ ಇದ್ದಳು. ಕಲೆಯ ರುಚಿ ಎಲ್ಲರಿಗೂ ಎಲ್ಲಿ ಹತ್ತುತ್ತದೆ ಎಂದುಕೊಂಡೆ.

ಯುದ್ಧದ ಕಾಲ, ಸೀಮೆಎಣ್ಣೆಗೆ ತತ್ವಾರ. ಹಾಗಾಗಿ ನಾಟಕ ಮಧ್ಯಾಹ್ನವೇ ಇತ್ತು. ಚಪ್ಪರ ಹಾಕಿಸಿ, ಬೆಳ್ಳಿ ಪದಕ ಕೊಡುವುದಾಗಿ ಒಪ್ಪಿದ್ದ ಇನಾಮು ಹಳ್ಳಿಗಳ ಒಡೆಯರಾದ ಜೋಡಿದಾರ ಕೋದಂಡರಾಮಪ್ಪನವರು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಅವರ ಚಪ್ಪಲಿ ಕಾಯಲು ಆಳೊಬ್ಬ ಪಕ್ಕದಲ್ಲೇ ನಿಂತಿದ್ದ. ಆಗ ಸುದ್ದಿ ಬಂತು. ಆಳಿನ ಪಾರ್ಟಿನ ಗಂಗುಲಪ್ಪ ಕೋಲಾರದಿಂದ ಬರುತ್ತಿದ್ದ ಇದ್ದಿಲಿನಿಂದ ಓಡುವ ಬಸ್ಸು ಅರ್ಧ ದಾರಿಯಲ್ಲೇ ಕೆಟ್ಟು ನಿಂತಿತ್ತು. ಜೋಡಿದಾರರು ಎದ್ದು ಹೋದರೆ ಊರಿಗೆಲ್ಲ ನಗೆಪಾಟಲು.

ತೆರೆಯ ಹಿಂದೆ ಬಂದ ವೆಂಕಟರತ್ನಮ್ಮ ಮೆಲ್ಲಗೆ ಅಂದಳು: "ಆ ಮಾತೆಲ್ಲಾ ನಂಗೆ ಬಾಯಿಪಾಠ ಆಗೋಗಿದೆ. ಪಂಚೆ, ರುಮಾಲು, ಮೀಸೆ ಇತ್ಲಾಗ್ ಕೊಡಿ."

ಹೆಂಗಸು ರಂಗ ಹತ್ತಿದರೆ ಜನ ಏನಂದಾರು ಎಂದು ನಾನು ಗೋಗರೆದೆ. ಮೀಸೆ ಅಂಟಿಸಿದ ಮೇಲೆ ಯಾರಿಗೆ ತಿಳಿಯುತ್ತದೆ ಎಂದು ಅವಳೇ ಧೈರ್ಯ ಹೇಳಿದಳು.

ತೆರೆ ಎದ್ದಿತು. ನಮಗೆ ಬಾಯಾರಿದೆ ಎಂದು ಗುಡುಗಿದೆ.

"ಚೆಂಬು ತಮ್ಮ ಕೈಗೇ ಎಟಕ್ತದೆ ಧಣಿ. ಆದ್ರೂ ನಾನೇ ಓಡಿ ಬರ್ಬೇಕಲ್ವಾ?"

ಈ ಮಾತು ನಾಟಕದಲ್ಲಿ ಇರಲೇ ಇಲ್ಲ! ಚಪ್ಪರ ಹಾರಿಹೋಗುವಂತೆ ಜನ ನಕ್ಕರು. ನನಗೆ ಮುಂದಿನ ಮಾತು ಮರೆತೇ ಹೋಯಿತು. ಬೆನ್ನು ತುರಿಸುವ ನೆಪದಲ್ಲಿ ಅವಳೇ ಕಿವಿಯಲ್ಲಿ ಉಸುರಿದಳು. ಅವಳು ನಿಂತರೆ ನಗು, ತಿರುಗಿದರೆ ಚಪ್ಪಾಳೆ. ನಾನು ಸಿಂಹಾಸನದ ಮೇಲೆ ಬೆರಗಾಗಿ ಬಾಯಿ ಬಿಟ್ಟುಕೊಂಡು ಕುಳಿತಿದ್ದೆ. ಈ ಕಂಠ, ಈ ಗತ್ತು ಇಷ್ಟು ದಿನ ನಮ್ಮ ಅಡುಗೆಮನೆಯಲ್ಲಿ ಎಲ್ಲಿ ಅಡಗಿದ್ದವು?

ಎಲ್ಲರಿಗಿಂತ ಹೆಚ್ಚು ನಕ್ಕವರು ಜೋಡಿದಾರರೇ. ನನ್ನ ಕಡೆ ತಿರುಗಿಯೂ ನೋಡದೆ ಪದಕವನ್ನು ಆಳಿನ ವೇಷದವಳ ಕೈಗಿಟ್ಟರು.

"ಎಷ್ಟು ಸಹಜವಾಗಿ ಮಾಡ್ದೆಯಯ್ಯಾ! ಎಷ್ಟು ವರ್ಷದ ಅಭ್ಯಾಸ?"

ವೆಂಕಟರತ್ನಮ್ಮ ಮೀಸೆ ಒತ್ತಿಕೊಂಡು, ದನಿ ದಪ್ಪ ಮಾಡಿ ಕೈಮುಗಿದಳು.

"ಹನ್ನೆರಡು ವರ್ಷ ಆಯ್ತು ಸ್ವಾಮಿ. ಎಲ್ಲಾ ಈ ಧಣಿ ಹತ್ರಾನೇ."