ಎಡಕ್ಕೆ ಜಗ್ಗುತ್ತಿದ್ದ ಕೋಟು

ನಮ್ಮ ಆಫೀಸಿನವರು ನನ್ನನ್ನು ಆ ಅರ್ಧ ದಿನದ ತರಬೇತಿಗೆ ಕಳಿಸದೇ ಇದ್ದಿದ್ದರೆ ನಾನು ಇವತ್ತಿಗೂ ಮನೆಯಲ್ಲಿ ತಲೆಯೆತ್ತಿಕೊಂಡು ಓಡಾಡುತ್ತಿದ್ದೆ. ತರಬೇತಿಯ ವಿಷಯ ಕಂಪ್ಯೂಟರಿನ ಸುರಕ್ಷತೆ. ಹೋಗುವಾಗ ಬಡ ಗುಮಾಸ್ತನಾಗಿದ್ದವನು ಬರುವಾಗ ಮಹಾತಜ್ಞನಾಗಿ ಬಂದೆ. (ಮಧ್ಯದಲ್ಲಿ ಒಂದು ಜೊಂಪು ಹತ್ತಿತ್ತು. ಮುಖ್ಯವಾದದ್ದನ್ನೆಲ್ಲ ಆ ಹೊತ್ತಿನಲ್ಲೇ ಹೇಳಿಬಿಟ್ಟಿದ್ದರು ಅಂತ ಆಮೇಲೆ ಗೊತ್ತಾಯಿತು.)

ಆಫೀಸಿನಲ್ಲಿ ನನ್ನ ಪಾಂಡಿತ್ಯ ಕೇಳುವವರು ಯಾರೂ ಇರಲಿಲ್ಲ. ಆದರೆ ಮನೆಯಲ್ಲಿ ಹೆಂಡತಿಯ ಟೈಲರಿಂಗ್ ಅಂಗಡಿ ಇತ್ತಲ್ಲ! ಅಂಗಡಿ ಎಂದರೆ ನಮ್ಮ ಮುಂದಿನ ಕೋಣೆ. ಎರಡು ಹೊಲಿಗೆ ಯಂತ್ರ, ಒಂದು ಕಟಿಂಗ್ ಮೇಜು, ತಲೆಯಿಲ್ಲದ ಒಂದು ಬೊಂಬೆ, ಮೂಲೆಯಲ್ಲಿ ಒಂದು ಕಂಪ್ಯೂಟರ್. ಗಿರಾಕಿಗಳ ಅಳತೆಗಳೆಲ್ಲ ಅದರ ಹೊಟ್ಟೆಯೊಳಗೆ. ಅದರಲ್ಲೂ ಈ ಸಲ ಒಂದು ದೊಡ್ಡ ಶಾಲೆಯ ಸಮವಸ್ತ್ರದ ಆರ್ಡರ್ ಬಂದಿತ್ತು. ಮುನ್ನೂರು ಮಕ್ಕಳ ಭುಜ, ಸೊಂಟ, ತೋಳು ಎಲ್ಲ ಅದರಲ್ಲೇ ಇದ್ದವು. ಪ್ರತಿವರ್ಷ ಎದುರಂಗಡಿ ಟೈಲರ್ ಮಾಸ್ಟರ್‌ಗೆ ಹೋಗುತ್ತಿದ್ದ ಆರ್ಡರ್ ಅದು. ಅದಕ್ಕಾಗಿ ಹೆಂಡತಿ ಎಷ್ಟು ಸಲ ಶಾಲೆಯ ಮೆಟ್ಟಿಲು ಹತ್ತಿದ್ದಳೋ ದೇವರಿಗೇ ಗೊತ್ತು. ಕೊಡುವಾಗಲೇ ಮುಖ್ಯೋಪಾಧ್ಯಾಯಿನಿ ಖಡಾಖಂಡಿತವಾಗಿ ಹೇಳಿದ್ದರು: "ಅಳತೆಗೆ ಅಂತ ಒಂದೇ ಸಲ ಮಕ್ಕಳನ್ನ ಬಿಡ್ತೀನಿ. ಮತ್ತೆ ಬಂದು ಕೇಳಿದ್ರೆ ಆರ್ಡರ್ ಹಳಬರಿಗೇ."

"ನೋಡು, ಇವತ್ತಿಂದ ಈ ಮನೆಯ ರಕ್ಷಣಾ ಖಾತೆ ನಂದು," ಎಂದು ಘೋಷಿಸಿದೆ.

"ಧಾರಾಳವಾಗಿ ಇಟ್ಕೊಳಿ. ಹಣಕಾಸು ಮಾತ್ರ ನನ್ನ ಹತ್ರಾನೇ ಇರ್ಲಿ," ಎಂದಳು ಹೆಂಡತಿ, ಸೂಜಿಗೆ ದಾರ ಪೋಣಿಸುತ್ತ.

ನಾನು ಶಾಸನಗಳನ್ನು ಹೊರಡಿಸಿದೆ. ಗುರುತಿಲ್ಲದ ಮೇಲ್ ತೆರೆಯಬಾರದು. ಅಳತೆಗಳ ನಕಲು ಒಂದು ಡಿಸ್ಕಿನಲ್ಲಿರಬೇಕು. ಅದು ಸದಾಕಾಲ ಕಂಪ್ಯೂಟರಿನ ಬೆನ್ನಿಗೇ ಅಂಟಿಕೊಂಡಿರಬೇಕು, ಯಾರೂ ಮರೆಯದಂತೆ. (ಜೊಂಪು ಹತ್ತಿದ್ದು ಇಲ್ಲೇ ಇರಬೇಕು.) ಇನ್ನೊಂದು ನಕಲು ಮನೆಯಿಂದ ಆಚೆ ಇರಬೇಕು.

"ಎಲ್ಲಿಟ್ಟಿದೀಯ ಅಂತ ಒಂದು ನರಪಿಳ್ಳೆಗೂ ಗೊತ್ತಾಗಬಾರದು!"

"ನಿಮಗೂ?"

"ಯಾರಿಗೂ ಅಂದ್ರೆ ಯಾರಿಗೂ!"

"ಹೂಂ," ಎಂದಳು. ನನ್ನ ಹೆಂಡತಿಯ 'ಹೂಂ' ಅಷ್ಟು ಸುಲಭದ ವಸ್ತುವಲ್ಲ ಅಂತ ಇಷ್ಟು ವರ್ಷದ ಸಂಸಾರದಲ್ಲಿ ನನಗೆ ತಿಳಿದಿರಬೇಕಿತ್ತು.

ಬಾಗಿಲ ಪಕ್ಕ ಕೂತು ಲಂಗದ ಅಂಚು ಮಡಚಿ ಹೊಲಿಯುತ್ತಿದ್ದ ಅತ್ತೆಯವರು ಮಗಳನ್ನು ಕೇಳಿದರು: "ಅಳಿಯಂದ್ರಿಗೆ ಆಫೀಸಲ್ಲಿ ಕೆಲ್ಸ ಕಮ್ಮಿ ಆಗಿದೆಯೇನೇ?"

ಇವರೆಲ್ಲ ಎಷ್ಟು ಎಚ್ಚರವಾಗಿದ್ದಾರೆ ಎಂದು ಪರೀಕ್ಷಿಸಲು ಮರುದಿನ ಆಫೀಸಿನಿಂದಲೇ ಒಂದು ಸುಳ್ಳು ಮೇಲ್ ಕಳಿಸಿದೆ. ಗುಂಡಿ ಅಂಗಡಿಯವನ ಹೆಸರಿನಲ್ಲಿ! 'ಮಾನ್ಯರೇ, ತಮ್ಮ ಗುಂಡಿಗಳ ಪಾರ್ಸೆಲ್ ತಡೆಹಿಡಿಯಲ್ಪಟ್ಟಿದೆ. ಬಿಡಿಸಿಕೊಳ್ಳಲು ಕೂಡಲೇ ಇಲ್ಲಿ ಒತ್ತತಕ್ಕದ್ದು.'

ಸಾಯಂಕಾಲ ಮನೆಗೆ ಬಂದರೆ ಹೆಂಡತಿ ಇಸ್ತ್ರಿ ಪೆಟ್ಟಿಗೆ ಕೈಯಲ್ಲಿ ಹಿಡಿದೇ ಸ್ವಾಗತಿಸಿದಳು.

"ಗುಂಡಿ ಅಂಗಡಿಯವನು ಹುಟ್ಟಿದಾಗಿಂದ ಯಾರನ್ನೂ ಮಾನ್ಯರೇ ಅಂದಿಲ್ಲ. ಬಾಗಿಲಲ್ಲಿ ನಿಂತು 'ಅಕ್ಕೋ, ಗುಂಡಿ!' ಅಂತ ಕಿರುಚ್ತಾನೆ. ತಡೆಹಿಡಿಯಲ್ಪಟ್ಟಿದೆ ಅಂತ ಬರೆಯೋ ಗಂಡಸು ನನಗೆ ಗೊತ್ತಿರೋದು ಒಬ್ಬರೇ. ಇರ್ಲಿ, ನಾನೂ ಒಂದಿನ ಕಳಿಸ್ತೀನಿ, ನೋಡ್ತಿರಿ!"

ಆ ಕೊನೆಯ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಸೇಡಿನ ಮೇಲ್ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾಯತೊಡಗಿದೆ.

ಇದರ ನಡುವೆ ನನಗೆ ಇನ್ನೊಂದು ಗುಪ್ತ ಸಂಕಟ ಶುರುವಾಗಿತ್ತು. ಹೆಂಡತಿ ಕೈಯಾರೆ ಹೊಲಿದುಕೊಟ್ಟ ಕಂದು ಬಣ್ಣದ ಕೋಟನ್ನು ನಾನು ದಿನಾ ಆಫೀಸಿಗೆ ಹಾಕಿಕೊಂಡು ಹೋಗುತ್ತೇನೆ. ಅದು ಇತ್ತೀಚೆಗೆ ಎಡಕ್ಕೆ ಜಗ್ಗತೊಡಗಿತ್ತು. "ಏನ್ರೀ, ಒಂದು ಕಡೆಗೆ ವಾಲ್ತಾ ಇದೀರಲ್ಲ, ಡಾಕ್ಟರಿಗೆ ತೋರಿಸಿದ್ರಾ?" ಎಂದು ಮೇಲಧಿಕಾರಿಗಳೇ ಕೇಳಿದರು. ನಿನ್ನ ಹೊಲಿಗೆ ಸರಿಯಿಲ್ಲ ಎಂದು ನನ್ನ ಹೆಂಡತಿಗೆ ಹೇಳಬೇಕಾದರೆ ಎಂಟೆದೆ ಬೇಕು. ನನಗಿರುವುದು ಒಂದೇ ಎದೆ, ಅದೂ ಸಣ್ಣ ಅಳತೆಯದು. ಹಾಗಾಗಿ ಶುಕ್ರವಾರ ಆಫೀಸಿನಿಂದ ಬರುವಾಗ, ಯಾರೂ ನೋಡುತ್ತಿಲ್ಲ ಅಂತ ಖಚಿತಪಡಿಸಿಕೊಂಡು, ಕೋಟನ್ನು ಕಾಗದದಲ್ಲಿ ಸುತ್ತಿ ಎದುರಂಗಡಿ ಮಾಸ್ಟರ್‌ಗೆ ಕೊಟ್ಟುಬಂದೆ. ಹೌದು, ಅದೇ ಮಾಸ್ಟರ್‌ಗೆ! ಊರಿನಲ್ಲಿ ಬೇರೆ ದರ್ಜಿಗಳೇ ಇರಲಿಲ್ಲವೇ ಎಂದು ನೀವು ಕೇಳಬಹುದು. ಆಮೇಲೆ ನನ್ನ ಹೆಂಡತಿಯೂ ಅದನ್ನೇ ಕೇಳಿದಳು.

ಶನಿವಾರ ನನಗೆ ರಜೆ. ಹೆಂಡತಿ ದಾರ ತರಲು ಪೇಟೆಗೆ ಹೋಗಿದ್ದಳು. ಸೋಮವಾರ ಬಟ್ಟೆ ಕತ್ತರಿಸಲು ಶುರು. ಥಾನುಗಳು ಆಗಲೇ ಬಂದು ಗೋಡೆಯುದ್ದಕ್ಕೂ ನಿಂತಿದ್ದವು. ನಾನು ಕಂಪ್ಯೂಟರಿನ ಮುಂದೆ ಕಾವಲಿಗೆ ಕೂತೆ. ಟಣ್ ಎಂದು ಒಂದು ಮೇಲ್ ಬಂತು. ಶಾಲೆಯ ಹೆಸರು. 'ಸಮವಸ್ತ್ರದಲ್ಲಿ ಬದಲಾವಣೆ. ಕೂಡಲೇ ತೆರೆದು ನೋಡಿ.'

ನನಗೆ ನಗು ತಡೆಯಲಾಗಲಿಲ್ಲ. ಬಂತು ನೋಡಿ ಸೇಡಿನ ಬಾಣ! ತೆರೆಯದೇ ಬಿಟ್ಟರೆ ಹೆದರಿದೆ ಅನ್ನುತ್ತಾಳೆ. ತೆರೆದು, ಒಂದು ಚುರುಕು ಉತ್ತರ ಕಳಿಸಬೇಕು ಎಂದುಕೊಂಡು ಗತ್ತಿನಿಂದ ಒತ್ತಿದೆ.

ಪರದೆ ಕಪ್ಪಾಯಿತು. ಆಮೇಲೆ ಕೆಂಪಾಯಿತು. ಕಡತಗಳ ಹೆಸರುಗಳು ಒಂದೊಂದಾಗಿ ಅರ್ಥವಿಲ್ಲದ ಅಕ್ಷರಗಳಾಗುತ್ತ ಹೋದವು. 'ನಿಮ್ಮ ಕಡತಗಳಿಗೆ ಬೀಗ ಬಿದ್ದಿದೆ. ಹಣ ಕಟ್ಟಿದರೆ ಬೀಗದ ಕೈ' ಎಂಬ ಸಾಲು ಮೂಡಿತು. ಭೇಷ್, ಎಷ್ಟು ಚೆನ್ನಾಗಿ ಮಾಡಿದ್ದಾಳೆ ಎಂದು ಮೆಚ್ಚಿ ಹೆಂಡತಿಗೆ ಫೋನು ಹಚ್ಚಿದೆ.

"ಸೋತೆ ಕಣೇ. ಒಪ್ಕೊಂಡೆ!"

"ಏನ್ ಒಪ್ಕೊಂಡ್ರಿ?"

"ಆ ಕೆಂಪು ಬಣ್ಣ ಅಂತೂ ಬಹಳ ಚೆನ್ನಾಗಿದೆ."

"ಯಾವ ಕೆಂಪು? ನಾನು ಬಿಳಿ ದಾರ ತಗೋತಾ ಇದೀನಿ. ಏನ್ರೀ ಮಾಡಿದ್ರಿ?"

ಆ 'ಏನ್ರೀ ಮಾಡಿದ್ರಿ'ಯಲ್ಲಿ ತಮಾಷೆಯ ಲವಲೇಶವೂ ಇರಲಿಲ್ಲ. ತಡವರಿಸುತ್ತ ಪರದೆಯ ಮೇಲಿದ್ದ ಸಾಲನ್ನು ಓದಿ ಹೇಳಿದೆ.

"ವೈರ್ ಕಿತ್ತಾಕಿ! ಮೊದ್ಲು ವೈರ್ ಕಿತ್ತಾಕಿ!" ಎಂದು ಅವಳು ಫೋನಿನಲ್ಲಿ ಕೂಗಿದಳು. ನಾನು ಮೇಜಿನ ಕೆಳಗೆ ನುಗ್ಗಿ ಕೈಗೆ ಸಿಕ್ಕಿದ ವೈರನ್ನು ಜಗ್ಗಿದೆ. ಅತ್ತೆಯವರ ಹೊಲಿಗೆ ಯಂತ್ರ ನಿಂತಿತು. ಇನ್ನೊಂದು ಜಗ್ಗಿದೆ. ಇಸ್ತ್ರಿ ಪೆಟ್ಟಿಗೆ ಆರಿತು. ಕೊನೆಗೆ ಅತ್ತೆಯವರೇ ಎದ್ದು, ನಿಧಾನವಾಗಿ ನಡೆದು, ಮನೆಯ ಮೇನ್ ಸ್ವಿಚ್ ಇಳಿಸಿದರು.

"ಆ ಕೆಂಪು ಎಲ್ಲಾ ಕಡೆ ಹರಡಿತ್ತು ಅಳಿಯಂದ್ರೇ," ಎಂದರು. "ಬೆನ್ನಿಗೆ ಅಂಟಿಸಿದ್ರಲ್ಲ, ಆ ಡಿಸ್ಕಿನ ದೀಪಾನೂ ಪಿಳಿಪಿಳಿ ಅಂತಿತ್ತು."

ನಾನು ಅಲ್ಲೇ ಮೇಜಿನ ಕೆಳಗೆ ಕೂತುಬಿಟ್ಟೆ.

ಹೆಂಡತಿ ಬಂದಳು. ರಿಪೇರಿಯವನೂ ಬಂದು ತನ್ನ ಕೈಪೆಟ್ಟಿಗೆ ಬಿಚ್ಚಿ ಏನೇನೋ ನೋಡಿದ. "ಕಂಪ್ಯೂಟರೂ ಹೋಯ್ತು, ಡಿಸ್ಕೂ ಹೋಯ್ತು. ಸದಾ ಅಂಟಿಸಿಟ್ಟಿದ್ರೆ ಕಳ್ಳ ಎರಡಕ್ಕೂ ಬೀಗ ಹಾಕ್ತಾನೆ. ಯಾರಿಗೂ ದುಡ್ಡು ಕಟ್ಬೇಡಿ, ಕಟ್ಟಿದ್ರೂ ಕೊಡ್ತಾರೆ ಅಂತ ಏನು ಗ್ಯಾರಂಟಿ? ಬೇರೆ ನಕಲಿದ್ರೆ ಹೇಳಿ, ಎಲ್ಲ ಒರೆಸಿ ಹೊಸದಾಗಿ ತುಂಬ್ತೀನಿ. ಇಲ್ದಿದ್ರೆ..." ಎಂದು ಎರಡೂ ಕೈ ಮೇಲೆತ್ತಿದ.

ಹೆಂಡತಿ ಬಟ್ಟೆಯ ಥಾನುಗಳನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅವಳ ಕಣ್ಣಂಚಿನಲ್ಲಿ ನೀರು ಕಂಡಿತು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

"ನಿಮ್ಮ ಕೋಟು ತನ್ನಿ," ಎಂದಳು.

"ಯಾ... ಯಾವ ಕೋಟು?"

"ಇರೋದೇ ಒಂದು. ಕಂದು ಕೋಟು. ಮನೆಯಿಂದ ಆಚೆ ಒಂದು ನಕಲು ಇರ್ಬೇಕು, ಯಾರಿಗೂ ಗೊತ್ತಾಗ್ಬಾರ್ದು ಅಂದ್ರಲ್ಲ. ದಿನಾ ತಪ್ಪದೆ ಆಚೆ ಹೋಗೋದು ನೀವೊಬ್ರೇ. ಎಡಗಡೆ ಲೈನಿಂಗ್ ಒಳಗೆ ಜೇಬು ಮಾಡಿ, ಟಿಚ್ ಬಟನ್ ಹಾಕಿ, ಒಂದು ಪುಟ್ಟ ಡಿಸ್ಕ್ ಇಟ್ಟಿದೀನಿ. ಪ್ರತಿ ಭಾನುವಾರ ತೆಗೆದು, ಹೊಸ ಅಳತೆ ತುಂಬಿ, ವಾಪಸ್ ಇಡ್ತೀನಿ."

ವಾರಗಟ್ಟಲೆ ನಾನು ಒಂದು ಸಂಸ್ಥೆಯ ಖಜಾನೆಯನ್ನು ಸೊಂಟಕ್ಕೆ ಕಟ್ಟಿಕೊಂಡು ಬಸ್ಸಿನಲ್ಲಿ ನೇತಾಡಿದ್ದೆ!

"ನನಗಾದ್ರೂ ಹೇಳ್ಬಾರ್ದಿತ್ತೇ?"

"ಯಾರಿಗೂ ಅಂದ್ರೆ ಯಾರಿಗೂ ಅಂದಿದ್ದು ಯಾರು? ಕೋಟು ಎಲ್ಲಿ?"

"ಆಫೀಸಲ್ಲಿ!" ಎಂದುಬಿಟ್ಟೆ. "ಕುರ್ಚಿ ಮೇಲೆ ಮರೆತು ಬಂದೆ. ಈಗ ತಂದೆ, ಹೀಗೆ ಹೋಗಿ ಹಾಗೆ ಬಂದೆ!"

ಮಾಸ್ಟರ್ ಅಂಗಡಿ ನಮ್ಮ ಕಿಟಕಿಗೆ ನೇರವಾಗಿ ಕಾಣುತ್ತದೆ. ನೆಟ್ಟಗೆ ರಸ್ತೆ ದಾಟುವಂತಿಲ್ಲ. ಹಾಗಾಗಿ ಆಫೀಸಿನ ದಿಕ್ಕಿಗೆ ಓಡಿ, ಮೂಲೆಯಲ್ಲಿ ತಿರುಗಿ, ಹಿಂದಿನ ಗಲ್ಲಿಯಲ್ಲಿ ನುಸುಳಿ, ಒಂದು ನಾಯಿಯ ಕೋಪಕ್ಕೆ ಪಾತ್ರನಾಗಿ, ಹಿತ್ತಲ ಬಾಗಿಲಿನಿಂದ ಮಾಸ್ಟರ್ ಅಂಗಡಿಯೊಳಗೆ ಬಿದ್ದೆ. ನೋಡಿದರೆ ಮೇಜಿನ ಮೇಲೆ ನನ್ನ ಕೋಟು. ಅದರ ಎಡಭಾಗದ ಮೇಲೇ ಹೊಗೆಯಾಡುವ ಇಸ್ತ್ರಿ ಪೆಟ್ಟಿಗೆ!

"ಅಯ್ಯೋ, ಎತ್ರೀ!" ಎಂದು ಚೀರಿದೆ. ಮಾಸ್ಟರ್ ಬೆಚ್ಚಿಬಿದ್ದು ಪೆಟ್ಟಿಗೆ ಎತ್ತಿದರು. ಮುನ್ನೂರು ಮಕ್ಕಳ ಸೊಂಟ ಬೆಂದುಹೋಯಿತೇನೋ ಎಂದು ನನಗೆ ಅಳುವೇ ಬಂತು.

"ಕೆಲ್ಸ ಮುಗೀತು ಸಾರ್. ಇನ್ನು ನೆಟ್ಟಗೆ ನಿಲ್ಲುತ್ತೆ. ಒಂದ್ ನಿಮಿಷ, ಇದರಲ್ಲಿ..."

"ದುಡ್ಡು ಆಮೇಲೆ ಕೊಡ್ತೀನಿ!" ಎಂದು ಕೋಟು ಕಸಿದು, ಬಿಸಿಬಿಸಿಯಾಗಿಯೇ ಹಾಕಿಕೊಂಡು, ಅದೇ ಗಲ್ಲಿ, ಅದೇ ನಾಯಿ, ಅದೇ ಮೂಲೆ ಬಳಸಿ ಏದುಸಿರು ಬಿಡುತ್ತ ಮನೆ ಸೇರಿದೆ.

"ತಗೋ! ಆಫೀಸಿಂದ ಒಂದೇ ಉಸಿರಿಗೆ ತಂದೆ!"

ಹೆಂಡತಿ ಕೋಟು ಮುಟ್ಟಿ ನೋಡಿದಳು. "ಆಫೀಸಲ್ಲಿ ಕೋಟು ಬಿಸಿಯಾಗಿರುತ್ತಾ?" ಎಂದಳು. ಲೈನಿಂಗ್ ಒಳಗೆ ಕೈ ಹಾಕಿದಳು. ಜೇಬೇ ಸಿಗಲಿಲ್ಲ. ಅದರ ಬಾಯನ್ನು ಯಾರೋ ಹೊಲಿದು ಮುಚ್ಚಿದ್ದರು. ಅವಳು ಕೋಟನ್ನು ಬೆಳಕಿಗೆ ಹಿಡಿದು ಆ ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ಇದು ನನ್ನ ಕೈಯಲ್ಲ," ಎಂದಳು ಮೆಲ್ಲಗೆ.

ಅತ್ತೆಯವರು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. "ಎದುರಿನವರ ಕೈ," ಎಂದು ತೀರ್ಪು ಕೊಟ್ಟರು.

ಭೂಮಿ ಬಾಯಿ ಬಿಡಬಾರದೇ ಎಂದು ನಾನು ಪ್ರಾರ್ಥಿಸಿದೆ. ಭೂಮಿಯ ಬದಲು ಬಾಗಿಲು ತೆರೆಯಿತು. ಮಾಸ್ಟರ್ ನಿಂತಿದ್ದರು. ಕೈಯಲ್ಲಿ ಆ ಪುಟ್ಟ ಡಿಸ್ಕ್!

"ಸಾರ್, ಇದನ್ನ ಬಿಟ್ಟು ಓಡಿ ಬಂದ್ರಲ್ಲ! ಹಿತ್ತಲ ಬಾಗಿಲಿಂದ ಯಾಕೆ ಬಂದ್ರೋ ಗೊತ್ತಾಗ್ಲಿಲ್ಲ, ಎದುರುಗಡೆ ಎರಡು ಹೆಜ್ಜೆ. ನೋಡಮ್ಮಾ, ಕೋಟು ಜಗ್ತಾ ಇದ್ದಿದ್ದು ಈ ಭಾರಕ್ಕೆ. ನಿನ್ನ ಕಟಿಂಗ್ ಮುತ್ತಿನ ಹಾಗಿದೆ. 'ನನ್ನ ಹೆಂಡ್ತಿಗೆ ಎಡಗಡೆ ಹೊಲಿಯೋಕೆ ಬರಲ್ಲ' ಅಂತ ಸಾರ್ ಸುಮ್ಮನೆ ನಿನ್ನ ಮೇಲೆ ತಪ್ಪು ಹಾಕಿದ್ರು."

ಮುಂದಿನದನ್ನು ನಾನು ವಿವರಿಸುವುದಿಲ್ಲ. ಕೆಂಪು ಪರದೆಗಿಂತ ಕೆಂಪಾದ ಮುಖವನ್ನು ನಾನು ಅವತ್ತು ನೋಡಿದೆ ಎಂದಷ್ಟೇ ಹೇಳುತ್ತೇನೆ.

ಡಿಸ್ಕಿನಲ್ಲಿ ಎಲ್ಲವೂ ಇತ್ತು. ರಿಪೇರಿಯವನು ಭಾನುವಾರ ಎಲ್ಲ ತುಂಬಿಕೊಟ್ಟ. ಸೋಮವಾರ ಕತ್ತರಿ ಬಿತ್ತು, ಸಮವಸ್ತ್ರಗಳು ಹೇಳಿದ ದಿನಕ್ಕೆ ಹೋದವು. ಮಾಸ್ಟರ್ ಕೂಡ ಒಂದು ಕಂಪ್ಯೂಟರ್ ತಂದರು. ಈಗ ಅವರ ನಕಲು ನಮ್ಮಲ್ಲಿ, ನಮ್ಮ ನಕಲು ಅವರಲ್ಲಿ, ಎರಡಕ್ಕೂ ಪಾಸ್‌ವರ್ಡಿನ ಭದ್ರ ಬೀಗ. ಆ ಪಾಸ್‌ವರ್ಡ್ ನನಗೆ ಗೊತ್ತಿಲ್ಲ. ಯಾರಿಗೂ ಅಂದರೆ ಯಾರಿಗೂ ಹೇಳಬಾರದಂತೆ.

ಪ್ರತಿ ಭಾನುವಾರ ಡಿಸ್ಕನ್ನು ರಸ್ತೆ ದಾಟಿಸುವ ಹೊಣೆ ಅತ್ತೆಯವರದು. ವಯಸ್ಸಾದವರು, ಗಾಡಿಗಳ ಓಡಾಟ ಬೇರೆ, ಹಾಗಾಗಿ ಕೈ ಹಿಡಿದು ದಾಟಿಸಲು ನನ್ನನ್ನು ನೇಮಿಸಿದ್ದಾರೆ. ರಕ್ಷಣಾ ಖಾತೆಯಲ್ಲಿ ಅಷ್ಟಾದರೂ ನನಗೆ ಉಳಿಯಿತಲ್ಲ ಎಂದು ಎದೆಯುಬ್ಬಿಸಿ ಹೋಗುತ್ತಿದ್ದೆ. ಮೊನ್ನೆ ಮಾಸ್ಟರ್ ಅತ್ತೆಯವರನ್ನು ಕೇಳಿದರು: "ಅಲ್ಲಮ್ಮಾ, ಇಷ್ಟು ದೂರಕ್ಕೂ ಅಳಿಯಂದ್ರನ್ನ ಯಾಕೆ ಕೈ ಹಿಡ್ಕೊಂಡು ಕರ್ಕೊಂಡು ಬರ್ತೀರಿ?"

"ಏನ್ಮಾಡೋದು ಮಾಸ್ಟರೇ," ಎಂದರು ಅತ್ತೆಯವರು. "ಕಂಪ್ಯೂಟರ್ ಹತ್ರ ಒಬ್ಬರನ್ನೇ ಬಿಟ್ಟು ಬರೋ ಹಾಗಿಲ್ಲವಲ್ಲ!"